ಎಡಗಡೆಯ ಜಾಡಿ

ಜಾಡಿಯಕ್ಕ ಹಗೆ ಬಿಡದ ಹೆಂಗಸು. ತನ್ನದನ್ನು ಯಾರೊಂದಿಗೂ ಹಂಚಿಕೊಂಡವಳಲ್ಲ, ತನಗಾದ ಅನ್ಯಾಯವನ್ನು ಒಂದು ದಿನದ ಮಟ್ಟಿಗೂ ಮರೆತವಳಲ್ಲ. ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟ ಕಪ್ಪೆ ಮೂವತ್ತು ವರ್ಷವಾದರೂ ಒಂದು ಬೆರಳೂ ಕೊಳೆಯದೆ ಹೇಗೆ ಕೂತಿರುತ್ತದೋ ಹಾಗೆ ಅವಳ ಸಿಟ್ಟು. ಅವಳನ್ನು ಬಲ್ಲವರಲ್ಲಿ ಈ ಮಾತಿಗೆ ಎದುರಾಡುವವರಿರಲಿಲ್ಲ. ಕೇಳಿಸಿಕೊಂಡಿದ್ದರೆ ಅವಳೂ ಎದುರಾಡುತ್ತಿರಲಿಲ್ಲ.

ಸಾಕ್ಷಿ ಬೇಕಾದವರು ಅವಳ ಮನೆಗೇ ಹೋಗಬಹುದಿತ್ತು. ಕೆಳಗಿನ ಮನೆಯಲ್ಲಿ ಅಣ್ಣ ಮತ್ತು ಅತ್ತಿಗೆ, ಮೆಟ್ಟಿಲು ಹತ್ತಿದರೆ ಮೇಲಿನ ಒಂದು ಕೋಣೆಯಲ್ಲಿ ಇವಳು. ಊಟ ಮಾತ್ರ ಕೆಳಗೆ, ಒಂದೇ ಮೇಜಿನಲ್ಲಿ. ಆ ಮೇಜಿನ ಎರಡು ತುದಿಗಳಲ್ಲಿ ಅಣ್ಣತಂಗಿ ಎದುರುಬದುರು ಕೂತು ಮೂವತ್ತೆಂಟು ವರ್ಷಗಳಿಂದ ಒಂದು ಮಾತೂ ಆಡದೆ ಊಟ ಮಾಡುತ್ತಿದ್ದರು.

"ಅತ್ತಿಗೆ, ಉಪ್ಪು ಈ ಕಡೆ ತಳ್ಳೋಕೆ ನಿಮ್ಮ ಮನೆಯವರಿಗೆ ಹೇಳಿ."

"ಕೇಳಿಸ್ತು ಅಂತ ಹೇಳೇ ಅವಳಿಗೆ," ಎನ್ನುತ್ತಿದ್ದ ಅಣ್ಣ, ಉಪ್ಪು ತಳ್ಳುತ್ತ.

"ನಾನೇನು ಅಂಚೆ ಪೆಟ್ಟಿಗೆನಾ?" ಎನ್ನುತ್ತಿದ್ದರು ಅತ್ತಿಗೆ. "ಕೈಗೆಟಕೋ ದೂರ. ನಾನು ಸತ್ತ ಮೇಲೆ ನೀವಿಬ್ಬರೂ ಉಪ್ಪಿಲ್ಲದೆ ತಿನ್ನಬೇಕಾಗುತ್ತೆ, ನೋಡ್ತಿರಿ."

ಕಾರಣ ಸಣ್ಣದಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಜಾಡಿಯಕ್ಕನಿಗೂ ಅವಳಣ್ಣನಿಗೂ ಒಂದೇ ವರ್ಷ ದೂರದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ತಾಯಿ ಹಾಸಿಗೆ ಹಿಡಿದಿದ್ದರು, ಇಬ್ಬರಲ್ಲಿ ಒಬ್ಬರು ಉಳಿಯಲೇಬೇಕಿತ್ತು. "ಮೊದಲು ನೀನು ಹೋಗು, ನಾನು ಮುಂದಿನ ವರ್ಷ ನೋಡ್ಕೋತೀನಿ," ಎಂದಿದ್ದ ಅಣ್ಣ. ಅವಳು ಪೆಟ್ಟಿಗೆ ಕಟ್ಟಿಟ್ಟು ಮಲಗಿದಳು. ಬೆಳಗ್ಗೆ ಎದ್ದರೆ ಅಣ್ಣ ಇರಲಿಲ್ಲ, ಪೆಟ್ಟಿಗೆಯೂ ಇರಲಿಲ್ಲ. ಅವಳ ಬಟ್ಟೆಗಳನ್ನು ಮಡಿಸಿ ಕುರ್ಚಿಯ ಮೇಲೆ ಇಟ್ಟುಹೋಗಿದ್ದ, ಮಡಿಕೆ ಮಾತ್ರ ಅಚ್ಚುಕಟ್ಟು. ತಾಯಿ ಏಳು ವರ್ಷ ಮಲಗಿದ್ದು ತೀರಿಕೊಂಡರು. ಅಷ್ಟು ಹೊತ್ತಿಗೆ ಕಾಲೇಜು ಓದುವ ವಯಸ್ಸು ದಾಟಿತ್ತು. ಊರಿನ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಜಾಡಿಗಳ ಕೋಣೆಗೆ ಒಬ್ಬರು ಬೇಕಾಗಿದ್ದಾರೆ ಎಂದು ತಿಳಿದು ಹೋಗಿ ಸೇರಿಕೊಂಡಳು. ವಿದ್ಯಾರ್ಥಿಯಾಗಿ ಹತ್ತಬೇಕಿದ್ದಂಥ ಮೆಟ್ಟಿಲನ್ನು ಪೊರಕೆ ಮತ್ತು ಬಕೆಟ್ಟು ಹಿಡಿದು ಹತ್ತಿದಳು.

ಅದು ಉದ್ದನೆಯ ಕೋಣೆ. ಕಿಟಕಿಗಳಿಗೆ ಕಂದು ಕಾಗದ ಅಂಟಿಸಿದ್ದರು, ಬೆಳಕು ಬಿದ್ದರೆ ಪ್ರಾಣಿಗಳ ಬಣ್ಣ ಹೋಗುತ್ತದೆ. ಸ್ಪಿರಿಟ್ಟಿನ ವಾಸನೆ ಗೋಡೆಗೇ ಹಿಡಿದುಹೋಗಿತ್ತು. ಎಡಗೋಡೆಯ ಕಪಾಟುಗಳಲ್ಲಿ ಬಾಲವಿಲ್ಲದವು, ಅಂದರೆ ಕಪ್ಪೆಗಳು. ಬಲಗೋಡೆಯಲ್ಲಿ ಬಾಲವಿರುವ ಸಾಲಮಾಂಡರ್‌ಗಳು. ಕೊನೆಯ ಗೋಡೆಯ ಕೆಳಸಾಲಿನಲ್ಲಿ, ಬಗ್ಗಿದರೆ ಮಾತ್ರ ಕಾಣುವಂತೆ, ಕಾಲೇ ಇಲ್ಲದ ಸಿಸಿಲಿಯನ್‌ಗಳು. ಒಟ್ಟು ಸಾವಿರದ ಮುನ್ನೂರು ಜಾಡಿ. ಪ್ರತಿ ಸೋಮವಾರ ಒಂದೊಂದು ಸಾಲಿನ ಮುಚ್ಚಳ ತೆಗೆದು, ಆವಿಯಾಗಿ ಇಳಿದಿದ್ದ ಸ್ಪಿರಿಟ್ಟನ್ನು ತುಂಬುವುದು ಅವಳ ಕೆಲಸ. ಒಂದು ಸುತ್ತು ಮುಗಿಯಲು ಆರು ತಿಂಗಳು. ಮುಗಿದ ಮರುದಿನವೇ ಮತ್ತೆ ಮೊದಲಿನಿಂದ.

ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಕೋಣೆ ತೋರಿಸುವುದು ಮೇಷ್ಟರ ಕೆಲಸವಾಗಿತ್ತು. ಮೇಷ್ಟರಿಗೆ ಸ್ಪಿರಿಟ್ ವಾಸನೆಗೆ ತಲೆನೋವು ಬರುತ್ತಿದ್ದುದರಿಂದ ಅದು ಇವಳ ಪಾಲಿಗೆ ಬಂತು.

"ಇವಕ್ಕೆ ಎರಡು ಬಾಳು," ಎಂದು ಶುರು ಮಾಡುತ್ತಿದ್ದಳು. "ಚಿಕ್ಕಂದಿನಲ್ಲಿ ನೀರು, ಕಿವಿರು, ಬಾಲ. ದೊಡ್ಡದಾದ ಮೇಲೆ ನೆಲ, ಶ್ವಾಸಕೋಶ, ಕಾಲು. ಎಲ್ಲದಕ್ಕೂ ಹೀಗೇ ಅಂತ ಬರ್ಕೊಂಡು ಹೋಗ್ಬೇಡಿ, ಮೊಂಡು ಜಾತಿಗಳೂ ಇವೆ. ಈ ಬೆಳ್ಳಗಿರೋದು ನೋಡಿ, ಸಾಯೋವರೆಗೂ ಕಿವಿರು ಬಿಡಲ್ಲ, ನೀರು ಬಿಡಲ್ಲ. ಮುದುಕಿ ಆದ್ರೂ ಮಗು. ಈ ಪಕ್ಕದ್ದಕ್ಕೆ ಶ್ವಾಸಕೋಶವೇ ಇಲ್ಲ, ಪೂರ್ತಿ ಚರ್ಮದಿಂದಲೇ ಉಸಿರು. ಅದಕ್ಕೇ ಇವುಗಳ ಮೈ ಯಾವಾಗ್ಲೂ ಒದ್ದೆ. ಒಣಗಿದ್ರೆ ಮುಗೀತು. ಹಲ್ಲಿಗೆ ಹುರುಪೆ ಇದೆ, ಇವಕ್ಕಿಲ್ಲ. ಹಾಗಾಗಿ ಹಲ್ಲಿ ಅಂತ ಕರೆದ್ರೆ ನನ್ನ ಕೋಣೆಯಿಂದ ಆಚೆ."

"ಸಾಲಮಾಂಡರ್ ಬೆಂಕೀಲಿ ಬದುಕುತ್ತಂತೆ, ಹೌದಾ?" ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಿದ್ದರು.

"ನೀನೂ ಬದುಕ್ತೀಯ, ಒಂದು ಕ್ಷಣ. ಒದ್ದೆ ಸೌದೆಯೊಳಗೆ ಮಲಗಿರುತ್ತೆ. ಸೌದೆ ಹಚ್ಚಿದ್ರೆ ಆಚೆ ಓಡಿ ಬರುತ್ತೆ. ಓಡಿದ್ದನ್ನ ನೋಡಿದವರು ಕಥೆ ಕಟ್ಟಿದ್ರು. ಬೆಂಕೀಲಿ ಬದುಕಲ್ಲ, ಆದರೆ ಕಾಲು ತುಂಡಾದ್ರೆ ಇನ್ನೊಂದು ಬೆಳೆಸ್ಕೊಳ್ಳುತ್ತೆ. ಅದು ನಿಜ."

ಆಮೇಲೆ ಕಪ್ಪೆಗೂ ನೆಲಗಪ್ಪೆಗೂ ಇರುವ ವ್ಯತ್ಯಾಸ. ಕಪ್ಪೆಯ ಮೈ ನುಣುಪು, ಹಿಂಗಾಲು ಉದ್ದ, ನೆಗೆತ ಜೋರು. ನೆಲಗಪ್ಪೆ ಗಿಡ್ಡಗಾಲಿನದು, ಒರಟು ಮೈ, ಕುಪ್ಪಳಿಸುವುದೂ ಅಷ್ಟಕ್ಕಷ್ಟೆ. ಅದಕ್ಕೆ ಕಣ್ಣಿನ ಹಿಂದೆ ಎರಡು ಗಂಟು, ಗಂಟಿನೊಳಗೆ ವಿಷ. ಕಚ್ಚಿದ ನಾಯಿ ಎರಡನೇ ಸಲ ಕಚ್ಚುವುದಿಲ್ಲ. ಇಷ್ಟು ಹೇಳುವಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಗುತ್ತಿದ್ದರು. ಅವಳ ಬೆನ್ನ ಹಿಂದಿನ ಹೆಸರು ನೆಲಗಪ್ಪೆ ಎಂಬುದು ಅವಳಿಗೆ ಗೊತ್ತಿತ್ತು. ಗಿಡ್ಡ ಮೈ, ಮೊಡವೆಗುಳಿಯ ಕೆನ್ನೆ, ನಿಧಾನದ ನಡೆ. ಹೆಸರಿಟ್ಟವರ ಕಣ್ಣು ಚುರುಕಾಗಿದೆ ಎಂದು ಒಪ್ಪಿಕೊಂಡಿದ್ದಳು.

ಹೀಗೆ ಬಂದ ಒಂದು ಗುಂಪಿನಲ್ಲಿ ಒಬ್ಬ ಹುಡುಗಿ ಮೊದಲ ಕಪ್ಪೆ ಕೊಯ್ಯುವಾಗಲೇ ದಡಾರನೆ ಬಿದ್ದಳು. ಜಾಡಿಯಕ್ಕ ಮುಖಕ್ಕೆ ನೀರೆರಚಿದಳು.

"ಏಳು. ಸತ್ತಿರೋದು ಅದು, ನೀನಲ್ಲ."

ಹುಡುಗಿ ಎದ್ದಳು, ಮುಖ ತೊಳೆದುಕೊಂಡಳು, ಬಂದು ಕತ್ತರಿ ಕೇಳಿದಳು. ತಲೆ ದೊಡ್ಡದು, ಮೈ ಸಣ್ಣದು, ಕಣ್ಣೆರಡೂ ಅಗಲ. "ಬಾ ಗೊದಮೊಟ್ಟೆ," ಎಂದಳು ಜಾಡಿಯಕ್ಕ. ಆವತ್ತಿನಿಂದ ಆ ಹುಡುಗಿ ತರಗತಿ ಮುಗಿದ ಮೇಲೆ ಕೋಣೆಗೆ ಬರತೊಡಗಿದಳು, ನಾಲ್ಕು ವರ್ಷ ಬಂದಳು. ಯಾರಿಗೂ ಹೇಳಿಕೊಡದ ಕೆಲಸವನ್ನು ಜಾಡಿಯಕ್ಕ ಅವಳಿಗೆ ಹೇಳಿಕೊಟ್ಟಳು. ಸತ್ತ ಪ್ರಾಣಿಯನ್ನು ಮೊದಲು ಫಾರ್ಮಲಿನ್‌ನಲ್ಲಿ ಬಿಗಿ ಮಾಡಬೇಕು, ಮೈ ಗಟ್ಟಿಯಾಗುವ ಮೊದಲೇ ಕಾಲುಬೆರಳುಗಳನ್ನು ಬಿಡಿಸಿಡಬೇಕು. ಆಮೇಲೆ ನೀರಲ್ಲಿ ತೊಳೆದು, ತೆಳು ಸ್ಪಿರಿಟ್ಟಿನಿಂದ ಗಟ್ಟಿ ಸ್ಪಿರಿಟ್ಟಿಗೆ ಹಂತಹಂತವಾಗಿ ಏರಿಸಬೇಕು. ಅವಸರ ಮಾಡಿದರೆ ಸುಕ್ಕು. ಹಸಿರು ಮರಗಪ್ಪೆ ಸ್ಪಿರಿಟ್ಟಿಗೆ ಬಿದ್ದರೆ ನೀಲಿಯಾಗುತ್ತದೆ, ಹೆದರಬಾರದು. ಪ್ರತಿ ಜಾಡಿಗೂ ಎರಡು ಚೀಟಿ. ಒಂದು ಹೊರಗೆ, ಗಾಜಿನ ಮೇಲೆ. ಒಂದು ಒಳಗೆ, ಪ್ರಾಣಿಯ ಜೊತೆ ಮುಳುಗಿಸಿ.

"ಹೊರಗಿನದು ನೋಡೋಕೆ ಬಂದವರಿಗೆ. ಒಳಗಿನದು ಪ್ರಾಣಿಗೆ," ಎಂದಿದ್ದಳು. "ಒಳಗಿನದನ್ನ ಪೆನ್ಸಿಲ್‌ನಲ್ಲೇ ಬರೀಬೇಕು. ಪೆನ್ನಿನ ಶಾಯಿ ಸ್ಪಿರಿಟ್ಟಲ್ಲಿ ಕರಗಿಹೋಗುತ್ತೆ. ಪೆನ್ಸಿಲ್ ಗೆರೆ ನೂರು ವರ್ಷ ಇರುತ್ತೆ. ಒಂದ್ಸಲ ಬರೆದದ್ದನ್ನ ತಿದ್ದಬಾರದು, ಉಜ್ಜಬಾರದು."

ಇನ್ನೊಂದು ನಿಯಮ ತೊಟ್ಟಿಯದು. ತೊಳೆಯುವ ತೊಟ್ಟಿಯ ಎಡಗಡೆ ಕೆಲಸ ಮುಗಿಯದ ಜಾಡಿಗಳು, ಬಲಗಡೆ ಮುಗಿದವು. ಎಡ ಅರೆ, ಬಲ ಪೂರ್ತಿ. ಗೊದಮೊಟ್ಟೆ ಅದನ್ನು ಮಗ್ಗಿಯಂತೆ ಹೇಳುತ್ತಿದ್ದಳು.

ಹುಡುಗಿ ದೊಡ್ಡ ಓದಿಗೆ ಹೋದಳು, ಡಾಕ್ಟರೇಟ್ ಪಡೆದು ಅದೇ ವಿಭಾಗಕ್ಕೆ ಪಾಠ ಹೇಳಲು ಬಂದಳು, ಹತ್ತು ವರ್ಷದಲ್ಲಿ ಮುಖ್ಯಸ್ಥೆಯಾದಳು. ಎಲ್ಲರಿಗೂ ಮೇಡಂ. ಜಾಡಿಯಕ್ಕನಿಗೆ ಮಾತ್ರ, ಬಾಗಿಲು ಮುಚ್ಚಿದ್ದಾಗ, ಗೊದಮೊಟ್ಟೆ. "ಅಕ್ಕಾ, ಯಾರಾದ್ರೂ ಕೇಳಿಸ್ಕೊಂಡಾರು," ಎಂದು ಮೇಡಂ ನಗುತ್ತಿದ್ದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಜಾಡಿಯಕ್ಕನಿಗೆ ಒಂದೇ ಒಂದು ಆಸೆಯಿತ್ತು, ಅದನ್ನು ಅವಳು ಯಾರ ಬಳಿಯೂ ಹೇಳಿಕೊಂಡಿರಲಿಲ್ಲ. ಪ್ರತಿ ಚೀಟಿಯಲ್ಲೂ 'ಸಂಗ್ರಹಿಸಿದವರು' ಎಂದು ಒಂದು ಸಾಲು ಇರುತ್ತದೆ. ಸಾವಿರದ ಮುನ್ನೂರು ಜಾಡಿಗಳಲ್ಲಿ ಸತ್ತ ಮೇಷ್ಟರು, ನಿವೃತ್ತರಾದ ಮೇಷ್ಟರು, ಒಂದೇ ಸಲ ಬಂದು ಒಂದು ನೆಲಗಪ್ಪೆ ಕೊಟ್ಟುಹೋದ ಅಧಿಕಾರಿಯ ಹೆಂಡತಿ, ಎಲ್ಲರ ಹೆಸರೂ ಇತ್ತು. ಮೂವತ್ತೊಂದು ವರ್ಷ ಆ ಚೀಟಿಗಳನ್ನು ಬರೆದವಳ ಹೆಸರು ಒಂದರಲ್ಲೂ ಇರಲಿಲ್ಲ. ಒಂದರಲ್ಲಿ ಇರಬೇಕು. ಅಷ್ಟೆ.

ಆ ಒಂದು ಸಿಕ್ಕಿದ್ದು ಕಟ್ಟಡದ ಹಿಂದಿನ ಚರಂಡಿಯ ಪಕ್ಕ. ಪೈಪು ಒಡೆದಿತ್ತು, ರಿಪೇರಿಯವನು ಮಣ್ಣು ಅಗೆಯುತ್ತಿದ್ದ. "ಹಾವು! ಹಾವು!" ಎಂದು ಕೂಗಿ ಸಲಿಕೆ ಎತ್ತಿದ. ಜಾಡಿಯಕ್ಕ ಹಿಂಬಾಗಿಲಿಂದ ನೋಡಿದವಳು ಅವಳ ಜನ್ಮದಲ್ಲೇ ಓಡದಷ್ಟು ವೇಗವಾಗಿ ಓಡಿದಳು. ಅಷ್ಟರಲ್ಲಿ ಸಲಿಕೆಯ ಅಂಚು ಒಮ್ಮೆ ತಾಕಿಯಾಗಿತ್ತು.

"ಮುಟ್ಬೇಡಿ ಅಮ್ಮಾ, ವಿಷದ್ದು!"

"ವಿಷ ನಿನ್ನ ಬಾಯಲ್ಲಿದೆ. ಸರಿ ಆ ಕಡೆ." ಬರಿಗೈಯಲ್ಲಿ ಎತ್ತಿಕೊಂಡಳು. ಗೇಣುದ್ದ, ನೇರಳೆಗಪ್ಪು, ಮೈತುಂಬ ಎರೆಹುಳದಂತೆ ಉಂಗುರಗಳು, ಆದರೆ ಬಾಯೊಳಗೆ ಹಲ್ಲು. ಕಣ್ಣು ಚರ್ಮದ ಕೆಳಗೆ ಎರಡು ಚುಕ್ಕೆ. ಕಣ್ಣಿಗೂ ಮೂಗಿಗೂ ನಡುವೆ, ಮಣ್ಣಿನಲ್ಲಿ ದಾರಿ ಮೂಸಲು, ಕೂದಲಷ್ಟು ಸಣ್ಣ ಮೀಸೆ. ಸಿಸಿಲಿಯನ್. ಎಂಟನೇ ಉಂಗುರದ ಎಡಕ್ಕೆ ಸಲಿಕೆಯ ಗಾಯ. ಅದು ಸುತ್ತಿಕೊಂಡಿದ್ದ ಗುಳಿಯೊಳಗೆ ದ್ರಾಕ್ಷಿಗೊಂಚಲಿನ ಹಾಗೆ ಮೊಟ್ಟೆಗಳು.

ಮಣ್ಣು ತುಂಬಿದ ಗಾಜಿನ ಪೆಟ್ಟಿಗೆಯಲ್ಲಿ ತಾಯನ್ನೂ ಮೊಟ್ಟೆಗಳನ್ನೂ ಇಟ್ಟಳು. ಕೆಲಸಕ್ಕೆ ಒಂದು ಗಂಟೆ ಮೊದಲೇ ಬಂದು, ಟಾರ್ಚಿಗೆ ಕೆಂಪು ಬಟ್ಟೆ ಕಟ್ಟಿ ನೋಡತೊಡಗಿದಳು. ಮರಿಗಳು ಬಂದವು, ಒಂಬತ್ತು. ನಾಲ್ಕನೇ ಬೆಳಗ್ಗೆ ಅವು ತಾಯಿಯ ಮೈಮೇಲೆ ಹತ್ತಿ, ಬಾಯಿಟ್ಟು, ಚರ್ಮವನ್ನು ಸುಲಿದು ತಿನ್ನುತ್ತಿದ್ದವು.

"ಹೆತ್ತವಳನ್ನೇ ತಿನ್ನೋ ದರಿದ್ರಗಳು," ಎಂದು ಬೈದು ಬಿಡಿಸಲು ಇಕ್ಕಳ ತೆಗೆದುಕೊಂಡಳು. ಆದರೆ ತಾಯಿ ಒದ್ದಾಡುತ್ತಿರಲಿಲ್ಲ, ಸುಮ್ಮನೆ ಮಲಗಿತ್ತು. ಇಕ್ಕಳ ಕೆಳಗಿಟ್ಟಳು. ಮೂರು ದಿನ ಬಿಟ್ಟು ನೋಡಿದರೆ ತಾಯಿಯ ನೇರಳೆಗಪ್ಪು ಮೈ ಹಾಲುಬಿಳುಪಾಗಿ, ಕೊಬ್ಬಿದಂತೆ ದಪ್ಪವಾಗಿತ್ತು. ಮರಿಗಳು ಮತ್ತೆ ಹತ್ತಿದವು, ಮತ್ತೆ ಸುಲಿದವು. ತಾಯಿ ಅವುಗಳಿಗಾಗಿಯೇ ತೊಗಲು ಬೆಳೆಸುತ್ತಿತ್ತು. ಮೇಲ್ಪದರ ಮರಿಗಳಿಗೆ, ಒಳಪದರ ತನಗೆ.

ಜಾಡಿಯಕ್ಕ ಗೊದಮೊಟ್ಟೆಯನ್ನು ಕೈಹಿಡಿದು ಕರೆತಂದಳು. ಮೇಡಂ ಸೀರೆ ನೆಲಕ್ಕೆ ತಾಗುವುದನ್ನೂ ನೋಡದೆ ಮೊಣಕಾಲೂರಿ ಕೂತು ಅರ್ಧ ಗಂಟೆ ನೋಡಿದಳು.

"ಅಕ್ಕಾ, ನಮ್ಮ ಕಡೆಯ ಸಿಸಿಲಿಯನ್‌ಗಳಲ್ಲಿ ಇದನ್ನ ಯಾರೂ ಕಂಡಿಲ್ಲ. ಗೊತ್ತಾ ನಿಮಗೆ?"

"ನನಗೆ ಹೇಗೆ ಗೊತ್ತಾಗ್ಬೇಕು? ಕಂಡಿದ್ದು ಹೇಳಿದೆ."

"ತಾಯಿ ಅಲ್ಲದ ಇನ್ನೊಂದು ಹೆಣ್ಣನ್ನೂ ಪಕ್ಕದಲ್ಲೇ ಇಟ್ಟು ನೋಡ್ಬೇಕು. ಅದರ ಮೈ ಹೀಗಾಗ್ಲಿಲ್ಲ ಅಂದ್ರೇನೇ ಇದು ತಾಯ್ತನಕ್ಕೆ ಆಗಿದ್ದು ಅಂತ ಲೆಕ್ಕ. ಇಲ್ಲಾಂದ್ರೆ ಯಾರೂ ನಂಬಲ್ಲ." ಮರುದಿನ ಮೇಡಂ ತಾನೇ ಸಲಿಕೆ ಹಿಡಿದು, ಚರಂಡಿಯ ಆಚೆ ಅಗೆದು, ಇನ್ನೊಂದು ಹೆಣ್ಣನ್ನು ತಂದಳು. ಅದಕ್ಕೆ ಎರಡನೇ ಪೆಟ್ಟಿಗೆ. ಅದರ ಮೈ ಕೊನೆಯವರೆಗೂ ತೆಳ್ಳಗೇ ಉಳಿಯಿತು. ನಲವತ್ಮೂರು ಬೆಳಗು ಜಾಡಿಯಕ್ಕ ಎರಡನ್ನೂ ನೋಡಿ, ಜಾಡಿಯ ಚೀಟಿಗಳ ಮೇಲೆಯೇ ಬರೆದು, ದಾರಕ್ಕೆ ಪೋಣಿಸಿದಳು. ಟೈಪು ಮಾಡಿಸುತ್ತೇನೆಂದು ಮೇಡಂ ಆ ದಾರವನ್ನೇ ತೆಗೆದುಕೊಂಡು ಹೋದಳು.

"ಅಕ್ಕಾ, ನಾಳೆ ಇದರ ಜಾಡಿ ಮೇಲೆ ನಿಮ್ಮ ಹೆಸರು. ಲೇಖನದಲ್ಲೂ ನಿಮ್ಮ ಹೆಸರು. ನಿಮ್ಮಾಣೆ."

"ನನ್ನಾಣೆ ಯಾಕೆ? ನಿನ್ನಾಣೆ ಹಾಕ್ಕೋ," ಎಂದಳು ಜಾಡಿಯಕ್ಕ. ಅಂದು ಮನೆಗೆ ಹೋಗಿ ಅತ್ತಿಗೆಯ ಮೂಲಕವಲ್ಲದೆ ನೇರವಾಗಿ ಉಪ್ಪು ಎತ್ತಿಕೊಂಡಳು. ಅತ್ತಿಗೆ ಗಾಬರಿಯಾದರು.

ಮರಿಗಳು ದೊಡ್ಡವಾದ ಮೇಲೆ ಅವನ್ನು ಚರಂಡಿ ಪಕ್ಕದ ಮಣ್ಣಿಗೇ ಬಿಟ್ಟದ್ದಾಯಿತು. ಎರಡನೇ ಹೆಣ್ಣು ಮೊದಲೇ ಸತ್ತಿತ್ತು. ಅದರ ಕೆಲಸ ಮುಗಿಸಿ, ಒಳಚೀಟಿಯಲ್ಲಿ 'ಎರಡನೇ ಪೆಟ್ಟಿಗೆ, ತಾಯಿಯಲ್ಲ' ಎಂದು ಬರೆದು, ತಂದವಳು ಮೇಡಂ ಆದುದರಿಂದ ಸಂಗ್ರಹಿಸಿದವರ ಸಾಲಿನಲ್ಲಿ ಮೇಡಂ ಹೆಸರು ಹಾಕಿ, ತೊಟ್ಟಿಯ ಬಲಗಡೆ ಇಟ್ಟಿದ್ದಳು. ಅವರವರದು ಅವರವರಿಗೆ. ತಾಯಿ ಸತ್ತದ್ದು ಆಮೇಲೆ. ಅದನ್ನು ಫಾರ್ಮಲಿನ್‌ನಿಂದ ತೆಗೆದು ತೆಳು ಸ್ಪಿರಿಟ್ಟಿಗೆ ಹಾಕಿ, ಪೆನ್ಸಿಲು ಕೆತ್ತಿ, ಒಳಚೀಟಿ ಬರೆದಳು. ಸಂಗ್ರಹಿಸಿದವರು ಎಂಬಲ್ಲಿ ತನ್ನ ಹೆಸರು. ಬೇರೆ ಸಾವಿರದ ಮುನ್ನೂರನ್ನು ಬರೆದಷ್ಟೇ ನೆಟ್ಟಗೆ ಬರೆದಳು. ಜಾಡಿಯನ್ನು ತೊಟ್ಟಿಯ ಎಡಗಡೆ ಇಟ್ಟು, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮೂರು ವಾರ ರಜೆ ಹಾಕಿ ಹೋದಳು.

ಪೊರೆ ತೆಗೆಸಿದ ಕಣ್ಣಿಗೆ ಜಗತ್ತು ತೊಳೆದಿಟ್ಟ ಹಾಗಿತ್ತು. ಆ ಕಣ್ಣು ಕೆಲಸಕ್ಕೆ ಮರಳಿದ ದಿನ ಮೊದಲು ಓದಿದ್ದು ನೋಟಿಸ್ ಬೋರ್ಡಿಗೆ ಚುಚ್ಚಿದ್ದ ಅಚ್ಚಾದ ಲೇಖನ. ಲೇಖಕರು ಒಬ್ಬರೇ. ಕೊನೆಯಲ್ಲಿ ಸಣ್ಣಕ್ಷರದಲ್ಲಿ, ಜಾಡಿಗಳ ಕೋಣೆಯ ಸಿಬ್ಬಂದಿಗೆ ಕೃತಜ್ಞತೆ. ಆ ಕೋಣೆಯ ಸಿಬ್ಬಂದಿ ಎಂದರೆ ಒಬ್ಬಳೇ, ಒಬ್ಬಳ ಹೆಸರು ಹಾಕುವಷ್ಟು ಜಾಗ ಆ ಸಾಲಿನಲ್ಲಿ ಇತ್ತು. ಎರಡನೆಯದಾಗಿ ಓದಿದ್ದು ಕೋಣೆಯ ಮೇಜಿನ ಮೇಲಿದ್ದ ಜಾಡಿಯ ಹೊರಚೀಟಿ. ಚೆಂದದ ಅಚ್ಚಿನ ಚೀಟಿ, ಚಿನ್ನದ ಅಂಚು. 'ಮರಿಗಳಿಗೆ ಚರ್ಮ ಉಣಿಸಿದ ತಾಯಿ.' ಸಂಗ್ರಹಿಸಿದವರು, ಮೇಡಂ.

ಜಾಡಿಯಕ್ಕ ನೇರ ಮೇಡಂ ಕೋಣೆಗೆ ಹೋದಳು.

"ಅಕ್ಕಾ, ಬನ್ನಿ, ಬನ್ನಿ! ಕಣ್ಣು ಹೇಗಿದೆ?"

"ಚೆನ್ನಾಗಿ ಕಾಣ್ತಿದೆ."

ಮೇಡಂ ಮುಖ ಅರೆಕ್ಷಣ ಇಳಿದು ಮತ್ತೆ ಏರಿತು. "ನೋಡಿ ಅಕ್ಕಾ, ಅದು... ಪತ್ರಿಕೆಯವರು ಹೆಸರಿನ ಜೊತೆ ಪದವಿ ಕೇಳ್ತಾರೆ. ಪದವಿ ಇಲ್ಲದವರ ಹೆಸರು ಹಾಕಿದ್ರೆ ನೂರೆಂಟು ಪ್ರಶ್ನೆ. ಲೇಖನವೇ ನಿಂತುಹೋಗ್ತಿತ್ತು. ನಿಮಗೆ ಬೇಕಾಗಿದ್ದು ಈ ವಿಷಯ ಆಚೆ ಬರೋದು ತಾನೇ? ಬಂತಲ್ಲ."

"ಜಾಡಿಗೂ ಪದವಿ ಬೇಕಿತ್ತಾ?"

"ಲೇಖನದಲ್ಲಿ ಒಂದು, ಜಾಡಿ ಮೇಲೆ ಒಂದು ಇರೋಕಾಗಲ್ಲ ಅಲ್ವಾ? ನೀವೇ ಹೇಳಿ. ನೀವು ನನ್ನ ತಾಯಿ ಇದ್ದ ಹಾಗೆ. ಬೇಜಾರು ಮಾಡ್ಕೋಬೇಡಿ."

"ಹೌದು. ತಾಯಿ ಇದ್ದ ಹಾಗೆ," ಎಂದಳು ಜಾಡಿಯಕ್ಕ. "ಚೀಟಿಗಳ ದಾರ ವಾಪಸು ಕೊಡಿ, ಮೇಡಂ."

ಆ ಒಂದು ಪದ ಮೇಜಿನ ಮೇಲೆ ಬಿದ್ದು ಸದ್ದು ಮಾಡಿದಂತಾಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಬಾಗಿಲು ಮುಚ್ಚಿದ್ದಾಗ ಅವಳು ಹಾಗೆ ಕರೆದದ್ದು ಇದೇ ಮೊದಲು. ದಾರ ಎಲ್ಲೋ ಕಳೆದಿದೆ, ಹುಡುಕಿಸುತ್ತೇನೆ ಎಂದಳು ಮೇಡಂ. ಜಾಡಿಯಕ್ಕ ಹಿಂದಿರುಗಿ ನೋಡಲಿಲ್ಲ.

ವಿಭಾಗದ ಬೀಗದ ಕೈಗಳನ್ನೆಲ್ಲ ಇಟ್ಟುಕೊಂಡಿದ್ದ ಬೀಗದಣ್ಣನಿಗೆ ಇದು ಗೊತ್ತಾಗಲು ಅರ್ಧ ದಿನ ಸಾಕಾಯಿತು. ಜಾಡಿಯಕ್ಕ ಅಷ್ಟಿಷ್ಟು ಮಾತಾಡುತ್ತಿದ್ದ ಇನ್ನೊಬ್ಬನೆಂದರೆ ಅವನೇ.

"ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ ಅಕ್ಕಾ. ಹೋಗಿ ದೊಡ್ಡವರಿಗೆ ಹೇಳಿ."

"ಯಾವ ದೊಡ್ಡವರಿಗೆ? ಎಲ್ಲರೂ ಅವಳಷ್ಟೇ ಎತ್ತರ."

ಅಂದು ಸಂಜೆ ಸ್ಪಿರಿಟ್ ತುಂಬಲು ಆ ಹೊಸ ಜಾಡಿಯ ಮುಚ್ಚಳ ತೆಗೆದವಳು ಹಾಗೇ ನಿಂತಳು. ಪ್ರಾಣಿಯ ಎಂಟನೇ ಉಂಗುರದಲ್ಲಿ ಸಲಿಕೆಯ ಗಾಯ ಇರಲಿಲ್ಲ. ಇಕ್ಕಳದಿಂದ ಒಳಚೀಟಿಯನ್ನು ಎಳೆದು ನೋಡಿದಳು. ಅದು ಪ್ರಾಣಿಯ ಮೈಗೆ ಸುತ್ತಿಕೊಂಡು ಹಿಂದಕ್ಕೆ ಸರಿದಿತ್ತು, ಅವಳದೇ ಅಕ್ಷರ. 'ಎರಡನೇ ಪೆಟ್ಟಿಗೆ, ತಾಯಿಯಲ್ಲ.' ಮೇಡಂ ಬಲಗಡೆಯಿಂದ ಜಾಡಿ ಎತ್ತಿಕೊಂಡಿದ್ದಳು. ತಾಯಿಯ ಕೆಲಸ ಮುಗಿದಿರಲಿಲ್ಲ, ಅದು ಇನ್ನೂ ಎಡಗಡೆಯೇ ಇರಬೇಕು ಎಂಬ ನಿಯಮ ಮರೆತು, ಒಳಗೆ ಇಣುಕಿಯೂ ನೋಡದೆ, ಹೊರಗೆ ಚಿನ್ನದ ಅಂಚಿನ ಚೀಟಿ ಅಂಟಿಸಿದ್ದಳು. ಮಗ್ಗಿಯಂತೆ ಹೇಳುತ್ತಿದ್ದ ಹುಡುಗಿ.

ತಾಯಿ ತನ್ನ ಜಾಗದಲ್ಲೇ, ತೊಟ್ಟಿಯ ಎಡಕ್ಕೆ, ಹೊರಚೀಟಿಯಿಲ್ಲದೆ ಇತ್ತು.

ಜಾಡಿಯಕ್ಕ ಮುಚ್ಚಳ ಹಾಕಿ ಜಾಡಿಯನ್ನು ಇದ್ದಲ್ಲೇ ಇಟ್ಟಳು. ಯಾರಿಗೂ ಹೇಳಲಿಲ್ಲ. ಲೋಟದಲ್ಲಿ ಉಳಿದಿದ್ದ ತಣ್ಣನೆಯ ಚಹಾವನ್ನೂ ಕುಡಿದಳು. ಅದು ಚೆನ್ನಾಗಿತ್ತು.

ತಿಂಗಳು ಕಳೆದಿರಲಿಲ್ಲ, ಬೀಗದಣ್ಣ ಓಡಿಬಂದ. "ಅಕ್ಕಾ, ಹೊರಗಿಂದ ಒಬ್ಬ ಮುದುಕಪ್ಪ ಬರ್ತಾನಂತೆ. ಸಿಸಿಲಿಯನ್ನು ಅಂದ್ರೆ ಅವನೇ ಅಂತೆ. ಮೇಡಂ ಬರೆದದ್ದು ನಂಬಿಕೆ ಬರ್ತಿಲ್ಲವಂತೆ ಅವನಿಗೆ. ಜಾಡಿ ತೆಗೆಸಿ, ಚರ್ಮ ಒಂದು ಚೂರು ಕತ್ತರಿಸಿ ನೋಡ್ತಾನಂತೆ. ಗುರುವಾರ ಹನ್ನೊಂದಕ್ಕೆ. ಮೇಡಂ ಹೊಸ ಪರದೆ ಹಾಕಿಸ್ತಿದ್ದಾರೆ."

"ಹಾಕಿಸ್ಲಿ."

"ಯಾಕೆ ನಗ್ತಿದ್ದೀರಾ?"

"ನಾನು ನಗಲ್ಲ. ಮುಖವೇ ಹೀಗೆ."

ಆದರೆ ಅವನು ಹಳೆಯ ಮನುಷ್ಯ, ಬಿಡಲಿಲ್ಲ. ಕೊನೆಗೆ ಅವನಿಗೊಬ್ಬನಿಗೆ ಎರಡು ಜಾಡಿಗಳನ್ನೂ ತೋರಿಸಿದಳು. ಅವನು ತೊಡೆ ತಟ್ಟಿಕೊಂಡ. "ಅಯ್ಯೋ! ಮುದುಕಪ್ಪ ಮುಚ್ಚಳ ತೆಗೆದ, ಚೀಟಿ ಓದಿದ, ಮುಗೀತು ಕಥೆ! ನೀವು ಬಾಯಿ ಬಿಡೋದೇ ಬೇಡ. ಮಾಡಿದ್ದುಣ್ಣೋ ಮಹರಾಯ. ಆಮೇಲೆ ನಿಧಾನಕ್ಕೆ ಎಡಗಡೆದು ತಗೊಂಡು ಹೋಗಿ, 'ಇದು ನನ್ನದು ಸ್ವಾಮಿ' ಅನ್ನಿ."

"ಆಮೇಲೆ ಯಾರು ನಂಬ್ತಾರೆ? ಒಂದ್ಸಲ ಸುಳ್ಳು ಅನ್ನಿಸಿಕೊಂಡ ಕೋಣೇಲಿ ಎರಡನೇ ಜಾಡಿ ಯಾರೂ ತೆರೆಯಲ್ಲ."

"ಹಾಗಾದ್ರೆ?"

"ಹಾಗಾದ್ರೆ ಏನಿಲ್ಲ. ಸುಮ್ಮನಿರ್ತೀನಿ. ಸುಮ್ಮನಿರೋದು ನನಗೆ ಚೆನ್ನಾಗಿ ಬರುತ್ತೆ."

ಬುಧವಾರ ಊಟದ ಮೇಜಿನಲ್ಲಿ ಅವಳಷ್ಟು ನೆಮ್ಮದಿಯಾಗಿ ಯಾರೂ ಇರಲಿಲ್ಲ. ಅಣ್ಣನಿಗೆ ಕೆಮ್ಮು ಹತ್ತಿತ್ತು. ನೀರಿನ ಜಗ್ಗು ಅವಳ ಕಡೆ ಇತ್ತು. ಅವನು ಹೆಂಡತಿಯ ಮುಖ ನೋಡಿದ.

"ನೀರು ಕೊಡೋಕೆ ಹೇಳು ಅಂತಿದ್ದಾರೆ, ನೋಡಿ," ಎಂದರು ಅತ್ತಿಗೆ. "ಕೆಮ್ಮೋಕೂ ನಂದೇ ಮಧ್ಯಸ್ಥಿಕೆನಾ? ಮೂವತ್ತೆಂಟು ವರ್ಷ ಆಯ್ತು. ಪೆಟ್ಟಿಗೆ ತಗೊಂಡು ಹೋದದ್ದು ತಪ್ಪು ಅಂತ ಅವರು ನನಗೆ ನೂರು ಸಲ ಹೇಳಿದ್ದಾರೆ. ನಿಮಗೆ ಹೇಳಿದ್ರೆ ನೀವು ಕೇಳಿಸ್ಕೊಳ್ಳಲ್ಲ. ಅದನ್ನ ಕಾಪಾಡ್ಕೊಂಡು ಬಂದು ನಿಮಗೆ ಸಿಕ್ಕಿದ್ದೇನು, ಹೇಳಿ ನೋಡೋಣ?"

ಜಾಡಿಯಕ್ಕ ಜಗ್ಗನ್ನು ಅತ್ತಿಗೆಯ ಕಡೆ ತಳ್ಳಿ ಎದ್ದು ಮೇಲೆ ಹೋದಳು.

ಗುರುವಾರ ಹತ್ತೂಮುಕ್ಕಾಲಿಗೆ ಮುದುಕಪ್ಪ ಬಂದ. ಉದ್ದ ಕೋಟು, ಕುತ್ತಿಗೆಗೆ ದಾರದಲ್ಲಿ ಭೂತಗನ್ನಡಿ. ಮೇಡಂ ಹೊಸ ಸೀರೆಯುಟ್ಟು, ತುಟಿ ಒಣಗಿ, ಅವನ ಹಿಂದೆ ನಡೆಯುತ್ತಿದ್ದಳು. ಕಾರಿಡಾರಿನಲ್ಲಿ ಅವನು ಕೇಳುವುದು ಜಾಡಿಯಕ್ಕನ ಕಿವಿಗೂ ಬಿತ್ತು.

"ನಿಮ್ಮ ಲೇಖನ ಓದಿದೆ. ಚೆನ್ನಾಗಿದೆ, ಅತಿಯಾಗಿಯೇ ಚೆನ್ನಾಗಿದೆ. ಇಲ್ಲಿನ ಸಿಸಿಲಿಯನ್ ಮರಿಗಳಿಗೆ ಚರ್ಮ ಉಣಿಸುತ್ತದೆ ಅನ್ನೋದನ್ನ ಇದುವರೆಗೆ ಯಾರೂ ಹೇಳಿಲ್ಲ. ನೀವು ಹೇಳಿದ್ದೀರಿ. ನನಗೆ ಚರ್ಮ ಬೇಕು."

"ಜಾಡಿ ತರಿಸ್ತೀನಿ ಸರ್," ಎಂದಳು ಮೇಡಂ. ಬಾಗಿಲಿಗೆ ಬಂದು, ಯಾರ ಮುಖವನ್ನೂ ನೋಡದೆ, "ಅಕ್ಕಾ, ಆ ಜಾಡಿ," ಎಂದು ಹೇಳಿ ಹೋದಳು. ಬೀಗದಣ್ಣ ಹೊಸ್ತಿಲಲ್ಲಿ ನಿಂತು ಜಾಡಿಯಕ್ಕನಿಗೆ ಕಣ್ಣು ಮಿಟುಕಿಸಿದ.

ಮೇಜಿನ ಮೇಲೆ ಚಿನ್ನದ ಅಂಚಿನ ಜಾಡಿ. ಎತ್ತಿಕೊಟ್ಟರೆ ಸಾಕು. ಜಾಡಿಯಕ್ಕ ಅದನ್ನು ಎತ್ತಿಕೊಂಡಳು, ಎರಡು ಹೆಜ್ಜೆ ಹೋದಳು. ತೊಟ್ಟಿಯ ಎಡಗಡೆ ಕಣ್ಣು ಹೋಯಿತು.

ತಾಯಿ ತಿಳಿಯಾದ ಸ್ಪಿರಿಟ್ಟಿನಲ್ಲಿ ಸುರುಳಿಯಾಗಿ ಮಲಗಿತ್ತು. ಮೈ ಇನ್ನೂ ಬೆಳ್ಳಗೆ, ದಪ್ಪಗೆ, ಕೊನೆಯ ಸಲ ಬೆಳೆಸಿದ ತೊಗಲು ಯಾರೂ ತಿನ್ನದೆ ಉಳಿದುಹೋಗಿತ್ತು. ಸುಮ್ಮನಿದ್ದರೆ ಇನ್ನು ಹತ್ತು ನಿಮಿಷದಲ್ಲಿ ಅದೂ ಸುಳ್ಳಾಗುತ್ತದೆ. ನಲವತ್ಮೂರು ಬೆಳಗೂ ಸುಳ್ಳಾಗುತ್ತವೆ. ಮೇಡಂಗಾಗುವ ಅವಮಾನವನ್ನು ಒಂದು ವರ್ಷದಲ್ಲಿ ಜನ ಮರೆಯುತ್ತಾರೆ. ಚರಂಡಿ ಪಕ್ಕದ ಕಾಲಿಲ್ಲದ ಪ್ರಾಣಿ ಮರಿಗಳಿಗೆ ತನ್ನ ಮೈಯನ್ನೇ ಉಣಿಸುತ್ತದೆಂದು ಮತ್ತೆ ಯಾರೂ ನಂಬುವುದಿಲ್ಲ.

ಚಿನ್ನದ ಅಂಚಿನ ಜಾಡಿಯನ್ನು ವಾಪಸು ಇಟ್ಟಳು. ಎಡಗಡೆಯದನ್ನು ಎತ್ತಿ ಮೇಜಿನ ಮೇಲಿಟ್ಟು ಮುಚ್ಚಳ ತಿರುಗಿಸಿದಳು.

"ಏನ್ಮಾಡ್ತಿದ್ದೀರಾ?" ಬೀಗದಣ್ಣನ ಮಿಟುಕಿದ ಕಣ್ಣು ದೊಡ್ಡದಾಯಿತು. "ಅಕ್ಕಾ, ಬೇಡ! ಅವಳಿಗೆ ಬುದ್ಧಿ ಬರೋ ಹೊತ್ತಲ್ಲಿ..."

"ಸರಿಯಾದ ಪ್ರಾಣಿ ತಗೊಂಡು ಹೋಗೋದು ನನ್ನ ಕೆಲಸ. ಬುದ್ಧಿ ಕಲಿಸೋದು ನನ್ನ ಕೆಲಸ ಅಲ್ಲ."

ಅಷ್ಟಾದರೆ ಅದು ಅವಳ ಸ್ವಭಾವಕ್ಕೆ ಒಪ್ಪುವ ಮಾತೇ. ಕೆಲಸದ ನಿಯತ್ತಿಗೂ ಹಗೆಗೂ ಸಂಬಂಧವಿಲ್ಲ. ಒಳಗಿನ ಚೀಟಿ ತನ್ನ ಹೆಸರಿನೊಂದಿಗೆ ಹೋಗಲಿ, ಮುದುಕಪ್ಪ ಓದಲಿ, ಲೇಖನದಲ್ಲಿ ಒಬ್ಬರು ಚೀಟಿಯಲ್ಲಿ ಇನ್ನೊಬ್ಬರು ಯಾಕೆ ಎಂದು ಕೇಳಲಿ, ಮೇಡಂ ಉತ್ತರ ಹೇಳಲಿ. ಮುಚ್ಚಳ ತೆಗೆಯುವಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಅದೇ.

ಇಕ್ಕಳದಿಂದ ಚೀಟಿಯನ್ನು ಹೊರಗೆ ತೆಗೆದಳು. ಎರಡು ಹೀರುಕಾಗದಗಳ ನಡುವೆ ಇಟ್ಟು ಒತ್ತಿದಳು. ಬೀಗದಣ್ಣ ಹತ್ತಿರ ಬಂದು ಬಗ್ಗಿದ. ಕಾರಿಡಾರಿನಿಂದ ಮೇಡಂ ದನಿ ಕೇಳುತ್ತಿತ್ತು, ಎರಡನೇ ಪೆಟ್ಟಿಗೆ ಯಾಕೆ ಇಟ್ಟೆವೆಂದು ಮುದುಕಪ್ಪನಿಗೆ ವಿವರಿಸುತ್ತಿದ್ದಳು. ತಾಯಿ ಅಲ್ಲದ್ದನ್ನೂ ಇಟ್ಟು ನೋಡಬೇಕು ಸರ್, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ. ದನಿ ಒಡೆದಿತ್ತು, ಹಿಂದೊಮ್ಮೆ ಮುಖ ತೊಳೆದುಕೊಂಡು ಬಂದು ಕತ್ತರಿ ಕೇಳಿದಾಗ ಒಡೆದಿದ್ದ ಹಾಗೆ.

ಜಾಡಿಯಕ್ಕ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ತೆಗೆದಳು. ಚೀಟಿಯ ಕೆಳಗಡೆ ಜಾಗವಿರಲಿಲ್ಲ, ಇದ್ದದ್ದು ಸಂಗ್ರಹಿಸಿದವರು ಎಂಬಲ್ಲಿ, ತನ್ನ ಹೆಸರಿನ ಮೇಲ್ಗಡೆ. ಅಲ್ಲಿ, ಡಾಕ್ಟರೇಟ್ ಬಿಟ್ಟು, ಮೊದಲ ವರ್ಷದ ಹಾಜರಿ ಪುಸ್ತಕದಲ್ಲಿ ಇದ್ದ ಹಾಗೆ, ಆ ಹುಡುಗಿಯ ಪೂರ್ತಿ ಹೆಸರನ್ನು ನಿಧಾನವಾಗಿ ಬರೆದಳು.

"ಒಂದ್ಸಲ ಬರೆದದ್ದನ್ನ ತಿದ್ದಬಾರದು ಅಂತ ನೀವೇ ಅಲ್ವಾ..." ಎಂದ ಬೀಗದಣ್ಣ.

"ತಿದ್ದಲಿಲ್ಲ, ಸೇರಿಸಿದೆ," ಎಂದಳು. ಚೀಟಿಯನ್ನು ಸ್ಪಿರಿಟ್ಟಿಗೆ ಬಿಟ್ಟು, ಅದು ತಾಯಿಯ ಪಕ್ಕ ಇಳಿಯುವವರೆಗೂ ನೋಡಿ, ಮುಚ್ಚಳ ಬಿಗಿ ಮಾಡಿ, ಎರಡು ಕೈಯಲ್ಲೂ ಜಾಡಿ ಎತ್ತಿಕೊಂಡಳು. "ನಿಂತ್ಕೊಂಡು ಏನ್ ನೋಡ್ತೀಯಾ? ಬಾಗಿಲು ತೆಗಿ."